ಒಂದು ರಸೀದಿ, ಎರಡು ಜಮಾ: ಸಿಗದ ಬಗ್ ಹುಡುಕುವವರಿಗೆ ದುಡ್ಡು ಕೊಡುವುದು ಹೇಗೆ?

ಪ್ರಶ್ನೆ: ಮುಧೋಳದಾಗ ನಮ್ಮದೊಂದು ಸಣ್ಣ ಸೌಹಾರ್ದ ಪತ್ತಿನ ಸಹಕಾರಿ ಐತ್ರಿ. ಹದಿನಾಲ್ಕು ಮಂದಿ ಪಿಗ್ಮಿ ಏಜೆಂಟರು ಮೊಬೈಲ್ ಆ್ಯಪ್‌ನ್ಯಾಗ ಕಲೆಕ್ಷನ್ ಏರಿಸ್ತಾರ. ಸರ್ವರ್‌ನ್ಯಾಗ ಮೈಎಸ್‌ಕ್ಯೂಎಲ್ ಡೇಟಾಬೇಸ್ ಐತಿ. ತಿಂಗಳಿಗೆ ಮೂರ್ನಾಲ್ಕು ಸಲ ಒಂದೇ ಕಲೆಕ್ಷನ್ ಎರಡು ಸಲ ಜಮಾ ಆಗ್ತೈತಿ. ಏಜೆಂಟರ ಕಡೆ ಒಂದೇ ರಸೀದಿ, ನಮ್ಮ ಕಿರ್ದಿಯೊಳಗ ಎರಡು. ಎರಡರ ನಡುವ ಎರಡೋ ಮೂರೋ ಸೆಕೆಂಡ್ ಅಂತರ. ಆ್ಯಪ್ ಮಾಡಿಕೊಟ್ಟ ಹುಡುಗ ಪುಣೆಗೆ ಹೋಗ್ಯಾನ, ಫೋನ್ ಎತ್ತಂಗಿಲ್ಲ. ಮೊದಲ ಒಬ್ಬ ಫ್ರೀಲಾನ್ಸರ್‌ಗೆ ಗಂಟೆ ಲೆಕ್ಕದಾಗ 22,000 ಕೊಟ್ವಿ. ಬಟನ್ ಒಮ್ಮೆ ಒತ್ತಿದ್ರ ಮತ್ತ ಒತ್ತಾಕ ಬರದಂಗ ಮಾಡಿದ. ಬಗ್, ಅಂದ್ರ ಆ್ಯಪ್‌ನ ದೋಷ, ಹೋಗಲಿಲ್ಲ. ಎರಡನೆಯವನಿಗೆ ಗುತ್ತಿಗಿ ಮಾತಾಡಿ 15,000 ಕೊಟ್ವಿ. ರಾತ್ರಿ ಹನ್ನೆರಡಕ್ಕ ಡಬಲ್ ಎಂಟ್ರಿ ಅಳಿಸೂ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಹಾಕಿದ. ಮುಂಜಾನೆ 100, ಸಂಜೀಕ 100 ಕಟ್ಟೂ ಕಾಯಿಪಲ್ಲೆ ಅಂಗಡಿಯವರ ಖರೇ ಎಂಟ್ರಿನೂ ಅದು ಅಳಿಸಿ, ಅವರು ಬಂದು ಜಗಳಾ ತಗದ್ರು. ಈಗ ಆಡಳಿತ ಮಂಡಳಿ ‘ಇನ್ನ ಒಂದು ರೂಪಾಯಿನೂ ಕೊಡೂದಿಲ್ಲ’ ಅಂತೈತಿ. ಇಂಥಾ ಕೆಲಸಕ್ಕ ಯಾರನ್ನ ಹಿಡೀಬೇಕು, ರೊಕ್ಕ ಹೆಂಗ ಕೊಡಬೇಕು, ಬಗ್ ಹೋತು ಅಂತ ಹೆಂಗ ನಂಬಬೇಕು?
ಕಾರ್ಯದರ್ಶಿ, ಪತ್ತಿನ ಸಹಕಾರಿ, ಮುಧೋಳ

ಉತ್ತರ: ಮಿಕ್ಕ ಮಾತು ಆಮೇಲೆ. ರಾತ್ರಿ ಹನ್ನೆರಡರ ಆ ಸ್ಕ್ರಿಪ್ಟ್ ಇನ್ನೂ ಓಡುತ್ತಿದ್ದರೆ ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಕೂಡಲೇ, ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಡೇಟಾಬೇಸಿನ ಬೈನರಿ ಲಾಗ್ (ಪ್ರತಿ ಬದಲಾವಣೆಯನ್ನು ಬರೆದಿಡುವ ದಾಖಲೆ) ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಸಿ. ಮೈಎಸ್‌ಕ್ಯೂಎಲ್ 8.0 ಇದ್ದರೆ ಈ ಲಾಗ್ ತಾನಾಗಿಯೇ ಚಾಲೂ ಇರುತ್ತದೆ. ಅಳಿಸಿದ ಪ್ರತಿ ಸಾಲಿನ ಪೂರ್ತಿ ವಿವರ ಅದರಲ್ಲಿ ಉಳಿದಿರುತ್ತದೆ. ಆದರೆ ಯಾರೂ ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ದಾಟಿದ ಕಡತಗಳು ತಾವಾಗಿಯೇ ಹೋಗುತ್ತವೆ. ಹಳೆಯ 5.7 ಆವೃತ್ತಿ ಆಗಿದ್ದರೆ ಯಾರಾದರೂ ಚಾಲೂ ಮಾಡಿಟ್ಟಿದ್ದರಷ್ಟೇ ಲಾಗ್ ಉಂಟು. ಅಳಿಸಿಹೋದ ಖರೇ ಎಂಟ್ರಿಗಳಿಗೆ ಬ್ಯಾಕಪ್ ಮತ್ತು ಏಜೆಂಟರ ರಸೀದಿ ಬಿಟ್ಟರೆ ಉಳಿದಿರುವ ಸಾಕ್ಷಿ ಇದೇ, ಮತ್ತು ಅದು ದಿನಕ್ಕೊಂದಿಷ್ಟು ಕರಗುತ್ತಿದೆ.

ಈಗ ನಿಮ್ಮ 37,000ದ ಮಾತು. ಮೊದಲನೆಯವನಿಂದ ನೀವು ಕೊಂಡಿದ್ದು ಅವನ ಗಂಟೆಗಳನ್ನು. ಗಂಟೆಗಳು ಮುಗಿದವು, ದುಡ್ಡೂ ಮುಗಿಯಿತು. ಎರಡನೆಯವನಿಂದ ಕೊಂಡಿದ್ದು ‘ಡಬಲ್ ಕಾಣಬಾರದು’ ಎಂಬ ಮಾತನ್ನು. ಅವನು ಕಾಣದಂತೆ ಮಾಡಿದ. ಇಬ್ಬರೂ ಮೋಸಗಾರರೆಂದು ಹೇಳಲಾಗದು. ಡಬಲ್ ಯಾಕೆ ಆಗುತ್ತದೆ ಎಂಬುದನ್ನು ಕಂಡುಹಿಡಿಯಲು ಮಾತ್ರ ಯಾರಿಗೂ ದುಡ್ಡು ಕೊಟ್ಟಿಲ್ಲ. ಅದಕ್ಕೇ ಅದು ಸಿಕ್ಕಿಲ್ಲ.

ಸುಟ್ಟ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್‌ಗೆ ಒಯ್ದರೆ ಎಚ್‌ಪಿ ನೋಡಿ ಅಂಗಡಿಯವನು ಅಲ್ಲೇ ರೇಟು ಹೇಳುತ್ತಾನೆ, ತಾಮ್ರ ಎಷ್ಟು, ಸುತ್ತು ಎಷ್ಟು ಎಂಬುದು ಅವನಿಗೆ ಗೊತ್ತು. ಬೋರ್ ಕೊರೆಯುವವನು ಹಾಗೆ ಹೇಳುವುದಿಲ್ಲ. ಅಡಿಗೆ ಇಷ್ಟು, ನೀರು ಬೀಳಲಿ ಬಿಡಲಿ. ಗೊತ್ತಿರುವ ಬಗ್ ರಿಪೇರಿ ಮೊದಲನೆಯ ಜಾತಿ, ಗೊತ್ತಿಲ್ಲದ ಬಗ್ ಹುಡುಕುವುದು ಎರಡನೆಯದು. ಎರಡನ್ನೂ ಒಂದೇ ಗುತ್ತಿಗೆಯಲ್ಲಿ ಕಟ್ಟಿದರೆ ಒಳ್ಳೆಯ ಕೆಲಸಗಾರ ಅಪಾಯಕ್ಕೆಂದು ದುಪ್ಪಟ್ಟು ಹೇಳುತ್ತಾನೆ, ಕಚ್ಚಾ ಕೆಲಸಗಾರ ಅಗ್ಗಕ್ಕೆ ಒಪ್ಪಿ ಲಕ್ಷಣಕ್ಕೆ ಪಟ್ಟಿ ಕಟ್ಟಿ ಹೋಗುತ್ತಾನೆ. ಆದ್ದರಿಂದ ಕೆಲಸವನ್ನು ಸೀಳಿ: ಮೊದಲು ಪತ್ತೆ, ಆಮೇಲೆ ದುರಸ್ತಿ. ದರ ಬೇರೆ, ಷರತ್ತು ಬೇರೆ. ಬೇಕಾದರೆ ಆಳೂ ಬೇರೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರ್ ಚೆಕ್ ಕಳಿಸುತ್ತಿದ್ದರು, 256 ಸೆಂಟ್ ಎಂದರೆ ಒಂದು ‘ಹೆಕ್ಸಾಡೆಸಿಮಲ್ ಡಾಲರ್’ (ಹದಿನಾರರ ಎಣಿಕೆಯಲ್ಲಿ 100 ಎಂದರೆ 256) ಎಂಬ ತಮಾಷೆಯೊಂದಿಗೆ. ಆ ದುಡ್ಡು ಹುಡುಕಿದ್ದಕ್ಕೆ, ತಿದ್ದುವುದು ಅವರೇ.

ಪತ್ತೆ ಎಂದರೆ ಏನು ಸಿಗಬೇಕು? ನಿಮ್ಮದೇ ಬಗ್ ಇಟ್ಟುಕೊಂಡು ಹತ್ತಿರದಿಂದ ನೋಡೋಣ.

ಏಜೆಂಟ್ ಸಂತೆಯಲ್ಲಿ ನಿಂತು 200 ರೂಪಾಯಿ ಇಸಿದುಕೊಂಡು ‘ಸೇವ್’ ಒತ್ತುತ್ತಾನೆ ಎನ್ನಿ. ಫೋನು ಸರ್ವರಿಗೆ ಸುದ್ದಿ ಕಳಿಸುತ್ತದೆ. ಸುದ್ದಿ ತಲುಪುತ್ತದೆ, ಸರ್ವರ್ 200 ಜಮಾ ಮಾಡುತ್ತದೆ, ‘ಆಯಿತು’ ಎಂದು ಉತ್ತರ ಬಿಡುತ್ತದೆ. ಸಂತೆಯ ಗದ್ದಲಕ್ಕೆ ಟವರ್ ತುಂಬಿರುವುದರಿಂದ ಉತ್ತರ ಬರುವುದು ನಾಲ್ಕು ಸೆಕೆಂಡಿಗೆ. ಆದರೆ ಫೋನಿನ ತಾಳ್ಮೆ ಎರಡೂವರೆ ಸೆಕೆಂಡ್. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಗೂಗಲ್‌ನ ‘ವಾಲಿ’ ಎಂಬ ಲೈಬ್ರರಿಗೆ (ಸಿದ್ಧ ಕೋಡಿನ ಕಟ್ಟು) ಬೇರೆ ಏನೂ ಹೇಳದಿದ್ದರೆ ಅದು 2,500 ಮಿಲಿಸೆಕೆಂಡ್ ಕಾಯುತ್ತದೆ, ಉತ್ತರ ಬರದಿದ್ದರೆ ಯಾರನ್ನೂ ಕೇಳದೆ ಅದೇ ಸುದ್ದಿಯನ್ನು ಇನ್ನೊಮ್ಮೆ ಕಳಿಸುತ್ತದೆ. ಈ ಎರಡನೇ ಸಲ ಅದು 5,000 ಮಿಲಿಸೆಕೆಂಡ್ ಕಾಯುವುದರಿಂದ ನಾಲ್ಕು ಸೆಕೆಂಡಿನ ಉತ್ತರ ಸಿಕ್ಕಿಬಿಡುತ್ತದೆ. ಏಜೆಂಟ್ ಕಣ್ಣಿಗೆ ಒಂದೇ ರಸೀದಿ. ಸರ್ವರಿನ ಕಣ್ಣಿಗೆ ಎರಡು ಬೇರೆ ಬೇರೆ ಜಮಾ, ಎರಡೂವರೆ ಸೆಕೆಂಡ್ ಅಂತರದಲ್ಲಿ. ಇಡೀ ಸೆಕೆಂಡಿನ ಲೆಕ್ಕದಲ್ಲಿ ಸಮಯ ಬರೆದುಕೊಳ್ಳುವ ಡೇಟಾಬೇಸಿನಲ್ಲಿ ಅದು ಒಮ್ಮೆ ಎರಡು, ಒಮ್ಮೆ ಮೂರು ಸೆಕೆಂಡ್ ಆಗಿ ಕಾಣುತ್ತದೆ.

ನಿಮ್ಮದು ಇದೇ ಎಂದು ಆ್ಯಪ್ ಬಿಚ್ಚದೆ ಹೇಳಲು ಬರುವುದಿಲ್ಲ. ಆದರೆ ಪ್ರಶ್ನೆಯಲ್ಲಿ ನೀವು ಬರೆದ ‘ಎರಡೋ ಮೂರೋ ಸೆಕೆಂಡ್’ ಎಂಬ ಮಾತೇ 22,000 ಉಳಿಸಬಹುದಿತ್ತು. ಮನುಷ್ಯನ ಬೆರಳು ತಪ್ಪಿ ಎರಡು ಸಲ ಒತ್ತಿದರೆ ಅಂತರ ಅರ್ಧ ಸೆಕೆಂಡಿನ ಆಸುಪಾಸು, ಅದೂ ಒಮ್ಮೊಮ್ಮೆ ಒಂದೊಂದು ತರಹ. ಪ್ರತಿ ಸಲವೂ ಅಷ್ಟೇ ಅಂತರ ಬಂದರೆ ಅದು ಗಡಿಯಾರ ಇಟ್ಟುಕೊಂಡ ಯಂತ್ರದ ಕೆಲಸ. ಬಟನ್‌ಗೆ ಬೀಗ ಹಾಕಿದರೂ ಬಗ್ ಹೋಗದಿದ್ದುದು ಇದಕ್ಕೇ ಇರಬೇಕು: ಅದೇ ಸುದ್ದಿಯನ್ನು ಮತ್ತೆ ಕಳಿಸುವುದು ನಡೆಯುವುದು ಬಟನ್ನಿನ ಕೆಳಗೆ, ಲೈಬ್ರರಿಯ ಒಳಗೆ. ಅಂತರ ಯಾವಾಗಲೂ ಹತ್ತು ಸೆಕೆಂಡಿನ ಸುತ್ತ ಇದ್ದಿದ್ದರೆ ಅನುಮಾನ ಬೇರೆ ಕಡೆ ತಿರುಗಬೇಕಿತ್ತು. ಓಕೆಎಚ್‌ಟಿಟಿಪಿ ಎಂಬ ಇನ್ನೊಂದು ಲೈಬ್ರರಿ ಮೂಲದಲ್ಲಿ ಕಾಯುವುದು ಹತ್ತು ಸೆಕೆಂಡ್.

ಪತ್ತೆ ಮಾಡಿದವನು ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬೇಕೆಂದಾಗ ಮಾಡಿ ತೋರಿಸಬೇಕು. ಪರೀಕ್ಷೆಯ ಸರ್ವರಿನಲ್ಲಿ, ಜಮಾ ಆದ ಮೇಲೆ ಉತ್ತರ ಬಿಡುವ ಮೊದಲು ನಾಲ್ಕು ಸೆಕೆಂಡ್ ತಡೆ ಹಾಕಲಿ. ನಿಮ್ಮ ಕಣ್ಣೆದುರಿಗೆ ಹತ್ತು ಕಲೆಕ್ಷನ್ ಏರಿಸಲಿ. ಫೋನಿನಲ್ಲಿ ಹತ್ತು ರಸೀದಿ, ಡೇಟಾಬೇಸಿನ ಟೇಬಲ್ಲಿನಲ್ಲಿ ಇಪ್ಪತ್ತು ಸಾಲು ಬಂದರೆ ಕಾರಣ ಸಿಕ್ಕಿದಂತೆ. ತಿಂಗಳಿಗೆ ನಾಲ್ಕು ಸಲ ಕಾಡುವ ಬಗ್ಗನ್ನು ಹತ್ತಕ್ಕೆ ಹತ್ತು ಸಲ ತರಿಸಬಲ್ಲವನು ಮುಕ್ಕಾಲು ಕೆಲಸ ಮುಗಿಸಿದ್ದಾನೆ. ಇದು ಕಷ್ಟವಾಗಲು ಕಾರಣವೂ ಉಂಟು. ಫ್ರೀಲಾನ್ಸರ್ ತನ್ನ ಕೋಣೆಯ ವೈಫೈನಲ್ಲಿ ಕೂತು ದಿನವಿಡೀ ಒತ್ತಿದರೂ ಬಗ್ ಬರುವುದಿಲ್ಲ, ಅಲ್ಲಿ ಉತ್ತರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತದೆ. ‘ನನ್ನಲ್ಲಿ ಸರಿ ಇದೆ’ ಎಂಬ ಮಾತು ಹುಟ್ಟುವುದು ಹೀಗೆ. ನೋಡಹೋದರೆ ಮಾಯವಾಗುವ ಇಂಥ ಬಗ್‌ಗಳಿಗೆ ‘ಹೈಸನ್‌ಬಗ್’ ಎಂಬ ಹೆಸರೇ ಇದೆ. ಕಂಪ್ಯೂಟರುಗಳು ಯಾಕೆ ನಿಲ್ಲುತ್ತವೆ ಎಂದು 1985ರಲ್ಲಿ ಬರೆದ ಪ್ರಬಂಧದಲ್ಲಿ ಜಿಮ್ ಗ್ರೇ ಆ ಪದವನ್ನು ಬಳಸಿದ್ದರು.

ಆಳು ಹುಡುಕುವ ಮೊದಲು ನಿಮ್ಮ ಕಡೆಯ ಕೆಲಸ ಇದೆ, ಮತ್ತು ಅದು ಪುಕ್ಕಟೆ. ಹಿಂದಿನ ಇಪ್ಪತ್ತು ಡಬಲ್‌ಗಳನ್ನು ಎಕ್ಸೆಲ್ ಹಾಳೆಯಲ್ಲಿ ಬರೆಸಿ: ಎರಡೂ ಸಾಲುಗಳ ಸರ್ವರ್ ಸಮಯ ಸೆಕೆಂಡ್ ಸಮೇತ, ಏಜೆಂಟ್ ಯಾರು, ಫೋನ್ ಮಾಡೆಲ್, ಆ್ಯಪ್‌ನ ವರ್ಷನ್ ನಂಬರ್, ಯಾವ ಓಣಿ, ಯಾವ ಸಿಮ್, ಮೊತ್ತ. ಹಾಳೆ ತುಂಬಿದ ಮೇಲೆ ನೀವೇ ಕಣ್ಣಾಡಿಸಿ. ಎಲ್ಲವೂ ಸಂತೆ ದಿನವೇ? ಒಬ್ಬನೇ ಏಜೆಂಟನೇ? ಒಂದೇ ಕಂಪನಿಯ ಸಿಮ್ಮೇ? ಕಚೇರಿಯ ಕೌಂಟರಿನಲ್ಲಿ ಏರಿಸಿದ್ದು ಒಂದಾದರೂ ಡಬಲ್ ಆಗಿದೆಯೇ? ಈ ಹಾಳೆ ಇಲ್ಲದೆ ಬಂದ ಫ್ರೀಲಾನ್ಸರ್ ಮೊದಲ ಐದಾರು ಗಂಟೆ ಇದನ್ನೇ ಕೂಡಿಸುತ್ತಾನೆ, ನಿಮ್ಮ ದುಡ್ಡಿನಲ್ಲಿ.

ಸೋರ್ಸ್ ಕೋಡ್, ಅಂದರೆ ಆ್ಯಪ್‌ನ ಮೂಲ ಬರಹ, ಎಲ್ಲಿದೆ ಎಂದು ಪುಣೆಗೆ ಹೋದ ಹುಡುಗನನ್ನು ಹೇಗಾದರೂ ಹಿಡಿದು ಕೇಳಿ. ಅದಕ್ಕಿಂತ ಮುಖ್ಯವಾಗಿ ‘ಕೀಸ್ಟೋರ್’ ಕಡತ ಮತ್ತು ಅದರ ಪಾಸ್‌ವರ್ಡ್ ಕೇಳಿ. ಆ್ಯಪ್‌ಗೆ ಹಾಕುವ ಸಹಿ ಅದು. ಅದು ಕಳೆದಿದ್ದರೆ ತಿದ್ದಿದ ಆ್ಯಪ್ ಬೇರೆ ಸಹಿಯದಾಗುತ್ತದೆ, ಹಳೆಯದರ ಮೇಲೆ ಅಪ್‌ಡೇಟ್ ಮಾಡಲು ಆಂಡ್ರಾಯ್ಡ್ ಒಪ್ಪುವುದಿಲ್ಲ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಬೇಕು, ಮಾಡಿದರೆ ಫೋನಿನಲ್ಲಿ ಕೂತು ಇನ್ನೂ ಸರ್ವರಿಗೆ ಏರದ ಕಲೆಕ್ಷನ್ ಅದರೊಟ್ಟಿಗೇ ಹೋಗುತ್ತದೆ. ಹದಿನಾಲ್ಕೂ ಫೋನುಗಳನ್ನು ಒಂದು ಸಂಜೆ ಕಚೇರಿಗೆ ತರಿಸಿ, ಎಲ್ಲ ಏರಿದ್ದನ್ನು ಕಿರ್ದಿಗೆ ತಾಳೆ ನೋಡಿ, ಆಮೇಲೆ ತೆಗೆಯಬೇಕು. ಆ್ಯಪ್ ಪ್ಲೇ ಸ್ಟೋರಿನಲ್ಲಿದ್ದು ಸಹಿಯ ಕೀಲಿ ಗೂಗಲ್ ಬಳಿಯೇ ಇದ್ದರೆ ಈ ತಲೆನೋವಿಲ್ಲ. ಅಪ್‌ಲೋಡ್ ಕೀಲಿಯನ್ನು ಖಾತೆದಾರರು ಕೇಳಿ ಹೊಸದು ಮಾಡಿಸಿಕೊಳ್ಳಬಹುದು. ಆದರೆ ಆ ಖಾತೆ ಸಂಘದ ಹೆಸರಿನಲ್ಲಿದೆಯೋ ಹುಡುಗನ ಹೆಸರಿನಲ್ಲಿದೆಯೋ? ಇನ್ನೊಂದು ಅಪಾಯ: ಸರ್ವರಿನಲ್ಲಿ ಓಡುತ್ತಿರುವ ಕೋಡೂ ನಿಮಗೆ ಕೊಟ್ಟ ಸಿ.ಡಿ.ಯ ಕೋಡೂ ಒಂದೇ ಎಂದು ನಂಬಬೇಡಿ. ಸಣ್ಣ ತಿದ್ದುಪಡಿಗಳನ್ನು ನೇರ ಸರ್ವರಿನಲ್ಲೇ ಮಾಡಿ ಬಿಡುವುದು ನಮ್ಮಲ್ಲಿ ರೂಢಿ. ಸರ್ವರಿನಿಂದಲೇ ಒಂದು ಪ್ರತಿ ತೆಗೆಸಿ ಅದನ್ನೇ ಮೂಲ ಎಂದು ಇಟ್ಟುಕೊಳ್ಳಿ.

ಇಷ್ಟಾದ ಮೇಲೆ ಕೆಲಸದ ವಿವರವನ್ನು ಒಂದು ಪುಟದಲ್ಲಿ ಬರೆಯಿರಿ. ಹೀಗಿರಬಹುದು:

‘ಆಂಡ್ರಾಯ್ಡ್ ಆ್ಯಪ್, ಪಿಎಚ್‌ಪಿ ಸರ್ವರ್, ಮೈಎಸ್‌ಕ್ಯೂಎಲ್. 14 ಬಳಕೆದಾರರು. ತಿಂಗಳಿಗೆ 3ರಿಂದ 4 ಸಲ ಒಂದೇ ಕಲೆಕ್ಷನ್‌ಗೆ ಎರಡು ಸಾಲು ಸೇರುತ್ತವೆ, ಅಂತರ 2ರಿಂದ 3 ಸೆಕೆಂಡ್. ಫೋನಿನಲ್ಲಿ ಒಂದೇ ರಸೀದಿ. 20 ಪ್ರಕರಣಗಳ ಹಾಳೆ ಲಗತ್ತಿಸಿದೆ. ಈಗಾಗಲೇ ಮಾಡಿದ್ದು: ಒತ್ತಿದ ಮೇಲೆ ಬಟನ್ ನಿಷ್ಕ್ರಿಯ (ಫಲವಿಲ್ಲ), ರಾತ್ರಿ ಅಳಿಸುವ ಸ್ಕ್ರಿಪ್ಟ್ (ತೆಗೆದಿದೆ, ಮತ್ತೆ ಬೇಡ). ಮೊದಲ ಹಂತದಲ್ಲಿ ಬೇಕಾದದ್ದು: ಪರೀಕ್ಷೆಯ ಸರ್ವರಿನಲ್ಲಿ ಬೇಕೆಂದಾಗ ಡಬಲ್ ಮಾಡಿ ತೋರಿಸುವುದು, ಕಾರಣ ಯಾವ ಕಡತದ ಯಾವ ಸಾಲಿನಲ್ಲಿದೆ ಎಂಬ ಲಿಖಿತ ವರದಿ. ದುರಸ್ತಿ ಈ ಹಂತದಲ್ಲಿ ಬೇಡ.’

‘ಪಿಎಚ್‌ಪಿ’ (ಸರ್ವರಿನ ಕೋಡ್ ಬರೆಯುವ ಒಂದು ಭಾಷೆ) ಎಂದು ಬರೆದದ್ದು ನಮ್ಮ ಊಹೆ, ನಿಮ್ಮದು ಯಾವುದೋ ಅದನ್ನು ಹಾಕಿ. ‘ಈಗಾಗಲೇ ಮಾಡಿದ್ದು’ ಎಂಬ ಸಾಲನ್ನು ಮಾತ್ರ ಮುಜುಗರಪಟ್ಟು ಬಿಡಬೇಡಿ. ಬಿಟ್ಟರೆ ಮೂರನೆಯವನೂ ಬಟನ್‌ನಿಂದಲೇ ಶುರು ಮಾಡುತ್ತಾನೆ.

ಯಾರನ್ನು ಹಿಡಿಯಬೇಕು? ಬೆಳಗಾವಿಯ ಉದ್ಯಮಬಾಗ ಕಡೆ ಫೌಂಡ್ರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವರಿದ್ದಾರೆ, ವಿಜಯಪುರ ಬಾಗಲಕೋಟೆಗಳಲ್ಲಿ ವೆಬ್‌ಸೈಟ್ ಮಾಡುವವರಿದ್ದಾರೆ. ಹೊಸದನ್ನು ಕಟ್ಟುವುದು ಬೇರೆ ಕಸುಬು, ಇನ್ನೊಬ್ಬರ ಕೋಡಿನಲ್ಲಿ ಬಗ್ ಹಿಡಿಯುವುದು ಬೇರೆ. ಊರು ನೋಡಬೇಡಿ, ಇದು ದೂರದಿಂದ ಆಗುವ ಕೆಲಸ, ಸಂತೆಯಲ್ಲಿ ಒಂದು ದಿನ ಅಳೆಯಬೇಕಾದರೆ ಮಾತ್ರ ಇಲ್ಲಿಯ ಆಳು ಬೇಕು. ಮೂರು-ನಾಲ್ಕು ಜನರಿಗೆ ಆ ಒಂದು ಪುಟ ಕಳಿಸಿ ಒಂದೇ ಪ್ರಶ್ನೆ ಕೇಳಿ: ‘ನೀವು ಮೊದಲು ಏನು ನೋಡುತ್ತೀರಿ?’ ಪುಟ ಓದಿದ ಕೂಡಲೇ ‘ಸರ್, ಹತ್ತು ಸಾವಿರ ಆಗ್ತದೆ, ಎರಡು ದಿನ’ ಎಂದವನನ್ನು ಬಿಡಿ. ‘ಆ ಸಮಯ ಫೋನಿನದೋ ಸರ್ವರಿನದೋ?’, ‘ನೆಟ್‌ವರ್ಕ್ ಲೈಬ್ರರಿ ಯಾವುದು?’, ‘ಸರ್ವರಿನ ಆಕ್ಸೆಸ್ ಲಾಗ್‌ನಲ್ಲಿ (ಬಂದ ವಿನಂತಿಗಳ ದಾಖಲೆ) ಎರಡು ವಿನಂತಿ ಬಂದಿವೆಯೋ ಒಂದೇ ಬಂದು ಎರಡು ಸಾಲು ಆಗಿದೆಯೋ?’ ಎಂದು ಮರುಪ್ರಶ್ನೆ ಹಾಕಿದವನನ್ನು ಇಟ್ಟುಕೊಳ್ಳಿ. ಆ ಕೊನೆಯ ಪ್ರಶ್ನೆ ಕೇಳಿದವನಿಗೆ ದರ ಸ್ವಲ್ಪ ಹೆಚ್ಚಾದರೂ ಒಪ್ಪಬಹುದು. ಬಗ್ ಫೋನಿನ ಕಡೆಯದೋ ಸರ್ವರಿನ ಕಡೆಯದೋ ಎಂಬುದನ್ನು ಅದೊಂದೇ ಪ್ರಶ್ನೆ ಅರ್ಧಕ್ಕೆ ಕತ್ತರಿಸುತ್ತದೆ.

ದುಡ್ಡಿನ ಕಟ್ಟು ಹೀಗಿರಲಿ. ಪತ್ತೆಯ ಹಂತಕ್ಕೆ ಗಂಟೆ ಲೆಕ್ಕವೇ ನ್ಯಾಯ, ಆದರೆ ಮೇಲ್ಮಿತಿ ಬೇಕು. ಗಂಟೆಗೆ 1,500 ಎಂದು ಒಪ್ಪಂದವಾಯಿತೆನ್ನಿ, ಮಿತಿ 10 ಗಂಟೆ, ಅಂದರೆ 15,000. ನಾಲ್ಕು ಗಂಟೆ ಮುಗಿದಾಗ ಅರ್ಧ ಪುಟದ ವರದಿ. ಆ ವರದಿಯಲ್ಲಿ ಏನೇನು ಪರೀಕ್ಷಿಸಿದೆ, ಯಾವುದು ಅಲ್ಲ ಎಂದು ಗೊತ್ತಾಯಿತು, ಮುಂದೆ ಏನು ಎಂದಿರಬೇಕು. ಓದಿ ಮುಂದುವರಿಸುವುದೋ ನಿಲ್ಲಿಸುವುದೋ ನಿಮ್ಮ ಕೈಯಲ್ಲಿ. ಹತ್ತು ಗಂಟೆಯಲ್ಲಿ ಕಾರಣ ಸಿಗದಿದ್ದರೂ ಕೆಲಸ ಮಾಡಿದ ಗಂಟೆಗಳಿಗೆ ದುಡ್ಡು ಕೊಡಿ, ಪ್ರತಿಯಾಗಿ ‘ಇದಲ್ಲ, ಇದಲ್ಲ’ ಎಂಬ ಪಟ್ಟಿ ಪಡೆಯಿರಿ. ಮುಂದಿನವನು ಅಲ್ಲಿಂದ ಶುರು ಮಾಡುತ್ತಾನೆ. ನಿಮ್ಮ ಹಿಂದಿನ ಇಬ್ಬರೂ ಅಂಥ ಒಂದು ಸಾಲು ಬರೆದುಕೊಟ್ಟಿಲ್ಲ ಎಂಬುದೇ ದೊಡ್ಡ ನಷ್ಟ. ‘ಸಿಕ್ಕರೆ ಮಾತ್ರ ದುಡ್ಡು’ ಎಂಬ ಷರತ್ತು ಮಂಡಳಿಗೆ ಹಿತವಾಗಿ ಕೇಳಿಸಬಹುದು, ಆದರೆ ಅದಕ್ಕೆ ಒಪ್ಪುವವನು ಸಿಕ್ಕಿತೆಂದು ತೋರಿಸಲು ಅವಸರ ಮಾಡುತ್ತಾನೆ.

ಕಾರಣ ಕೈಗೆ ಬಂದ ಮೇಲೆ ದುರಸ್ತಿ ಮೋಟಾರ್ ರಿವೈಂಡಿಂಗ್ ಜಾತಿಯದಾಗುತ್ತದೆ, ಅಲ್ಲಿ ಗುತ್ತಿಗೆ ದರ ಮಾತಾಡಿ. ಪತ್ತೆಯ ವರದಿಯನ್ನು ಇನ್ನೊಬ್ಬನಿಗೆ ತೋರಿಸಿ ಕೊಟೇಷನ್ ತರಿಸಲೂಬಹುದು. ಗುತ್ತಿಗೆ ಮೊತ್ತದ ಶೇ 70ನ್ನು ಪರೀಕ್ಷೆ ಪಾಸಾದ ದಿನ, ಶೇ 30ನ್ನು ಕಾದು ನೋಡಿದ ಮೇಲೆ ಕೊಡಿ.

ಎಷ್ಟು ದಿನ ಕಾಯಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ‘ಒಂದು ವಾರ ಬರಲಿಲ್ಲ, ಹೋಯಿತು’ ಎನ್ನುತ್ತಾರೆ. ತಿಂಗಳಿಗೆ ನಾಲ್ಕು ಸಲ ಬರುವ ಬಗ್ ಎಂದರೆ ಸರಾಸರಿ ಏಳೂವರೆ ದಿನಕ್ಕೊಮ್ಮೆ. ಅದು ಗೊತ್ತುಗುರಿಯಿಲ್ಲದೆ ಬರುವಂಥದಾದರೆ, ಏನೂ ರಿಪೇರಿ ಮಾಡದಿದ್ದರೂ ಒಂದು ವಾರ ಸುಮ್ಮನಿರುವ ಸಾಧ್ಯತೆ ನೂರಕ್ಕೆ 39ರಷ್ಟಿದೆ. ಬಟನ್ ಬೀಗದವನು ನಿಮ್ಮಿಂದ ದುಡ್ಡು ತೆಗೆದುಕೊಂಡು ಹೋದದ್ದು ಇಂಥದೇ ಒಂದು ತೆಪ್ಪಗಿನ ವಾರದಲ್ಲಿ ಇರಬೇಕು. ಲೆಕ್ಕ ಸುಲಭ: ಸರಾಸರಿ ಅಂತರದ ಮೂರು ಪಟ್ಟು ಕಾದರೆ, ಬಗ್ ಇದ್ದೂ ಕಾಣದಿರುವ ಸಾಧ್ಯತೆ ನೂರಕ್ಕೆ ಐದಕ್ಕೆ ಇಳಿಯುತ್ತದೆ. ತಿಂಗಳಿಗೆ ನಾಲ್ಕಾದರೆ 23 ದಿನ, ಮೂರಾದರೆ 30 ದಿನ. ನೀವು 30 ಇಟ್ಟುಕೊಳ್ಳಿ, ಅದರೊಳಗೆ ಸಂತೆಯ ದಿನಗಳೂ ಬಂದುಹೋಗಲಿ. ಆ 30 ದಿನಗಳಲ್ಲಿ ಕಲೆಕ್ಷನ್ ಎಂದಿನಷ್ಟೇ ಇರಬೇಕು. ಹಬ್ಬಕ್ಕೆ ಏಜೆಂಟರು ರಜೆ ಹೋದ ವಾರವನ್ನು ಎಣಿಸಬಾರದು.

ಅಪ್‌ವರ್ಕ್‌ನಂಥ ತಾಣದ ಮೂಲಕ ಗುತ್ತಿಗೆ ಕೊಡುವುದಾದರೆ ದುಡ್ಡು ಎಸ್ಕ್ರೋದಲ್ಲಿ, ಅಂದರೆ ಮಧ್ಯಸ್ಥರ ಬಳಿ ಇರುತ್ತದೆ, ಅದು ಒಳ್ಳೆಯದೇ. ಆದರೆ ಅವನು ‘ಕೆಲಸ ಮುಗಿಯಿತು’ ಎಂದು ಒಪ್ಪಿಸಿದ 14 ದಿನಗಳಲ್ಲಿ ನೀವು ಏನೂ ಹೇಳದಿದ್ದರೆ ದುಡ್ಡು ತಾನಾಗಿ ಅವನಿಗೆ ಹೋಗುತ್ತದೆ. ನಿಮ್ಮ 30 ದಿನದ ಕಾಯುವಿಕೆಗೂ ಇದಕ್ಕೂ ಹೊಂದುವುದಿಲ್ಲ. ಆ ಶೇ 30ನ್ನು ಬೇರೆ ಮೈಲಿಗಲ್ಲಾಗಿ ಇಟ್ಟು, 30 ದಿನ ಕಳೆದ ಮೇಲೆಯೇ ಅದನ್ನು ಒಪ್ಪಿಸಬೇಕು ಎಂದು ಮೊದಲೇ ಬರೆದುಕೊಳ್ಳಿ.

ದುರಸ್ತಿ ಸರಿಯಾಗಿದೆಯೇ ಎಂದು ನೋಡಲು ನಿಮಗೆ ಕೋಡ್ ಬರಬೇಕೆಂದಿಲ್ಲ, ಎಲ್ಲಿ ಕೆಡುತ್ತದೆ ಎಂದು ತಿಳಿದಿದ್ದರೆ ಸಾಕು. ಕಾರಣ ಮೇಲೆ ಹೇಳಿದ್ದೇ ಆಗಿದ್ದರೆ, ಕಾಯುವ ಅವಧಿಯನ್ನು 2.5ರಿಂದ 30 ಸೆಕೆಂಡಿಗೆ ಏರಿಸಿ ‘ಆಯಿತು’ ಎನ್ನುವವರು ಸಿಗುತ್ತಾರೆ. ಡಬಲ್ ವಿರಳವಾಗುತ್ತದೆ, ಹೋಗುವುದಿಲ್ಲ. ಫೋನು ತಾನಾಗಿ ಮತ್ತೆ ಕಳಿಸುವುದನ್ನೇ ನಿಲ್ಲಿಸಿದರೆ ಏಜೆಂಟನಿಗೆ ‘ವಿಫಲ’ ಎಂದು ತೋರುತ್ತದೆ, ಅವನು ಕೈಯಾರೆ ಮತ್ತೊಮ್ಮೆ ಏರಿಸುತ್ತಾನೆ, ಮತ್ತೆ ಡಬಲ್. ಸರಿಯಾದ ದಾರಿ ಹೀಗೆ: ಏಜೆಂಟ್ ‘ಸೇವ್’ ಒತ್ತಿದ ಕ್ಷಣ ಫೋನು ಆ ಕಲೆಕ್ಷನ್‌ಗೆ ಎಲ್ಲೂ ಮತ್ತೆ ಬಾರದ ಒಂದು ಗುರುತಿನ ಸಂಖ್ಯೆ ಹುಟ್ಟಿಸಿ ಬರೆದಿಟ್ಟುಕೊಳ್ಳಬೇಕು, ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಹೋಗಬೇಕು. ಸರ್ವರಿನ ಟೇಬಲ್ಲಿನಲ್ಲಿ ಆ ಅಂಕಣಕ್ಕೆ ಯುನಿಕ್ ಇಂಡೆಕ್ಸ್ (ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವ ಕಟ್ಟು) ಇರಬೇಕು, ಎರಡನೆಯದನ್ನು ಡೇಟಾಬೇಸೇ ತಳ್ಳಿಹಾಕಬೇಕು. ತಳ್ಳಿದಾಗ ಫೋನಿಗೆ ದೋಷದ ಸಂದೇಶ ಕೊಡದೆ ಮೊದಲ ಜಮಾದ ರಸೀದಿಯನ್ನೇ ವಾಪಸ್ ಕೊಡಬೇಕು. ಮುಂಜಾನೆ ನೂರು, ಸಂಜೆ ನೂರು ಕಟ್ಟುವವರಿಗೆ ಎರಡು ಬೇರೆ ಸಂಖ್ಯೆ ಸಿಗುವುದರಿಂದ ಅವರ ಎಂಟ್ರಿಗೆ ಧಕ್ಕೆ ಇಲ್ಲ.

ಇದರಲ್ಲಿಯೂ ಮೂರು ಕಡೆ ಕಾಲು ಜಾರುತ್ತದೆ. ಸಂಖ್ಯೆಯನ್ನು ‘ಸೇವ್’ನಲ್ಲಿ ಹುಟ್ಟಿಸದೆ ಕಳಿಸುವ ಹೊತ್ತಿಗೆ ಹುಟ್ಟಿಸಿದರೆ ಏಜೆಂಟ್ ಕೈಯಾರೆ ಮತ್ತೆ ಕಳಿಸಿದಾಗ ಹೊಸ ಸಂಖ್ಯೆ ಹೋಗುತ್ತದೆ. ಇಂಡೆಕ್ಸ್ ಹಾಕದೆ ‘ಮೊದಲು ಹುಡುಕಿ, ಇಲ್ಲದಿದ್ದರೆ ಸೇರಿಸು’ ಎಂದು ಕೋಡ್ ಬರೆದರೆ ಎರಡು ವಿನಂತಿಗಳು ಒಟ್ಟಿಗೆ ಹುಡುಕಿ, ಎರಡಕ್ಕೂ ‘ಇಲ್ಲ’ ಎಂದು ಸಿಕ್ಕಿ, ಎರಡೂ ಸೇರುತ್ತವೆ. ಇನ್ನು ಹಳೆಯ ಆ್ಯಪ್ ಇರುವ ಏಜೆಂಟ್ ಸಂಖ್ಯೆ ಇಲ್ಲದೆಯೇ ಕಳಿಸುತ್ತಿರುತ್ತಾನೆ. ಒಂದು ದಿನಾಂಕ ಗೊತ್ತುಮಾಡಿ, ಅದಾದ ಮೇಲೆ ಹಳೆಯ ವರ್ಷನ್ನಿಂದ ಬಂದ ಎಂಟ್ರಿ ಸರ್ವರ್ ತೆಗೆದುಕೊಳ್ಳದಂತೆ ಮಾಡಬೇಕು. ಹಳೆಯ ಸಾಲುಗಳಿಗೆ ಸಂಖ್ಯೆ ಇಲ್ಲದಿರುವುದು ತೊಂದರೆಯಲ್ಲ, ಮೈಎಸ್‌ಕ್ಯೂಎಲ್‌ನಲ್ಲಿ ಯುನಿಕ್ ಇಂಡೆಕ್ಸ್ ಇದ್ದರೂ ಎಷ್ಟು ಬೇಕಾದರೂ ಖಾಲಿ, ಅಂದರೆ ನಲ್, ಬೆಲೆಗಳು ಇರಬಹುದು. ಪರೀಕ್ಷೆ ಮೊದಲಿನದೇ: ನಾಲ್ಕು ಸೆಕೆಂಡ್ ತಡೆ, ಹತ್ತು ಕಲೆಕ್ಷನ್, ಈ ಸಲ ಹತ್ತೇ ಸಾಲು. ಜೊತೆಗೆ, ಒತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದು ನಿಮಿಷ ಬಿಟ್ಟು ತೆಗೆದು ನೋಡಿ. ಇದನ್ನು ನೀವೇ ಮಾಡಿ, ಅವನ ಕೈಗೆ ಬಿಡಬೇಡಿ.

ಪರೀಕ್ಷೆಗೆ ಡೇಟಾಬೇಸಿನ ನಕಲು ಕೊಡಿ, ಅಸಲು ಬೇಡ. ನಕಲಿನಲ್ಲಿ ಸದಸ್ಯರ ಹೆಸರು, ಮೊಬೈಲ್, ಆಧಾರ್ ಬದಲಿಸಿರಬೇಕು, ಆದರೆ ಸಾಲುಗಳ ಸಂಖ್ಯೆ, ಸಮಯ, ಮೊತ್ತ ಹಾಗೇ ಉಳಿದಿರಬೇಕು, ಇಲ್ಲದಿದ್ದರೆ ಬಗ್ಗೂ ಮಾಯವಾದೀತು. ಮಾಹಿತಿ ಸೋರಿದರೆ, ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಹೊಣೆ ಸಂಘದ್ದೇ, ಫ್ರೀಲಾನ್ಸರ್ ಕಡೆ ಕೈ ತೋರಿಸಲಾಗದು. ಅಸಲು ಸರ್ವರಿನ ಲಾಗ್ ನೋಡಬೇಕಾದರೆ ಓದಲು ಮಾತ್ರ ಬರುವ ಪ್ರತ್ಯೇಕ ಲಾಗಿನ್ ಮಾಡಿಕೊಡಿ, ಕೆಲಸ ಮುಗಿದ ದಿನ ತೆಗೆಯಿರಿ. ಕಚೇರಿ ಕಂಪ್ಯೂಟರಿನಲ್ಲಿ ಎನಿಡೆಸ್ಕ್ (ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿ ಪಾಸ್‌ವರ್ಡ್ ಕೊಟ್ಟು ಮರೆತುಬಿಡುವುದು ಎಲ್ಲ ಕಡೆ ಇದೆ. ಹಿಂದಿನ ಇಬ್ಬರಿಗೆ ಕೊಟ್ಟದ್ದು ಇನ್ನೂ ಚಾಲೂ ಇರಬಹುದು, ಇವತ್ತೇ ನೋಡಿ.

ಕಾಗದಪತ್ರದ ಮಾತು ಚಿಕ್ಕದು. ಮಂಡಳಿಯಲ್ಲಿ ‘ಬಗ್ ರಿಪೇರಿಗೆ’ ಎಂದು ಠರಾವು ಕೇಳಬೇಡಿ. ‘ಕಾರಣದ ಲಿಖಿತ ವರದಿಗೆ, ಗರಿಷ್ಠ 15,000’ ಎಂದು ಕೇಳಿ. ಮಿತಿ ಇರುವ ಖರ್ಚಿಗೆ ಒಪ್ಪುವುದು ಸುಲಭ, ಆಡಿಟ್‌ನಲ್ಲಿ ತೋರಿಸಲೂ ಕೈಯಲ್ಲಿ ಒಂದು ವಸ್ತು ಇರುತ್ತದೆ. ಕೋಡಿನ ಹಕ್ಕು ಬರವಣಿಗೆಯಲ್ಲಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ಬರೆದದ್ದು ಸಾಮಾನ್ಯವಾಗಿ ಸಂಸ್ಥೆಯದು, ಆದರೆ ಹೊರಗಿನವನು ಬರೆದದ್ದು ಸಹಿ ಮಾಡಿ ವರ್ಗಾಯಿಸದ ಹೊರತು ಅವನದೇ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಎಣಿಸಲಾಗುತ್ತದೆ, ಆದ್ದರಿಂದ ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ’ ಎಂಬ ಮೂರು ಪದ ಸೇರಿಸಿ. ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ): 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಪ್ರಕಾರ ವೃತ್ತಿಪರ ಶುಲ್ಕಕ್ಕೆ ಶೇ 10, ತಾಂತ್ರಿಕ ಸೇವೆಗೆ ಶೇ 2, ವರ್ಷಕ್ಕೆ 50,000 ಮೀರಿದಾಗ, 2025ರ ಏಪ್ರಿಲ್ 1ಕ್ಕೆ ಮೊದಲು ಈ ಮಿತಿ 30,000 ಇತ್ತು. 2026ರ ಏಪ್ರಿಲ್ 1ರಿಂದ ಹೊಸ 2025ರ ಕಾಯ್ದೆ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿದೆ, ಚಲನ್ ತುಂಬುವಾಗ ನಿಮ್ಮ ಆಡಿಟರ್ ಹೇಳಿದ್ದನ್ನು ಬರೆಯಿರಿ. ಪ್ಯಾನ್ ಕೊಡದವನ ದುಡ್ಡಿನಲ್ಲಿ ಶೇ 20 ಮುರಿಯಬೇಕಾಗುತ್ತದೆ ಎಂದು ಮೊದಲೇ ತಿಳಿಸಿ. ಅವನ ವಾರ್ಷಿಕ ವಹಿವಾಟು 20 ಲಕ್ಷದ ಒಳಗಿದ್ದು ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ.

ಉಳಿದದ್ದು ಈವರೆಗಿನ ಡಬಲ್ ಜಮಾಗಳು. ಅವನ್ನು ಯಾವ ಫ್ರೀಲಾನ್ಸರ್ ಕೈಯಿಂದಲೂ ಅಳಿಸಬೇಡಿ. ಅವನಿಂದ ಪಟ್ಟಿ ಮಾತ್ರ ಪಡೆಯಿರಿ; ಪ್ರತಿಯೊಂದನ್ನು ಏಜೆಂಟರ ರಸೀದಿಗೆ ತಾಳೆ ನೋಡಿ ನಿಮ್ಮ ಗುಮಾಸ್ತರು ವಿರುದ್ಧ ನಮೂದು ಹಾಕಲಿ, ವಿವರಣೆಯಲ್ಲಿ ಮೂಲ ಜಮಾದ ನಂಬರ್ ಇರಲಿ. ಹೆಚ್ಚುವರಿ ಜಮಾದ ಮೇಲೆ ಬಡ್ಡಿ ಏರಿದ್ದರೆ ಅದಕ್ಕೂ ಬೇರೆ ನಮೂದು. ಸ್ಕ್ರಿಪ್ಟ್ ಅಳಿಸಿದ ಖರೇ ಎಂಟ್ರಿಗಳನ್ನು ಮಾತ್ರ ಈ ಸರದಿಗೆ ಕಾಯಿಸಬೇಡಿ. ಬೈನರಿ ಲಾಗ್‌ನಿಂದ ಪಟ್ಟಿ ಬಂದ ದಿನವೇ ಜಮಾ ಹಾಕಿ, ಕಾಯಿಪಲ್ಲೆ ಅಂಗಡಿಗೆ ಏಜೆಂಟನ ಕೈಯಲ್ಲಿ ತಿದ್ದಿದ ಪಾಸ್‌ಬುಕ್ ಕಳಿಸಿಕೊಡಿ.